ಚಿಕ್ಕಪ್ಪನ ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ಮಧ್ಯಕ್ಕೆ ಬಂದಿದೆ, ಹಳೇ ತರ ಮಾಡೋದು ಹೇಗೆ?

ಜೆರಾಕ್ಸ್ ಅಂಗಡಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ತುಮಕೂರಿನಲ್ಲಿ ನಮ್ಮದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಬಾಡಿಗೆ ಕರಾರು, ಅಫಿಡವಿಟ್, ಕ್ರಯಪತ್ರ, ಮಧ್ಯೆ ಮಧ್ಯೆ ಪಹಣಿ ಪ್ರಿಂಟ್. ಟೈಪ್ ಮಾಡುವುದು ನಮ್ಮ ಚಿಕ್ಕಪ್ಪ, ವಯಸ್ಸು 61. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಅವರ ಸ್ಪೀಡ್ ನೋಡಬೇಕು ನೀವು. ಬಂದವರು ಬಾಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಇವರ ಪ್ಯಾರಾ ಮುಗಿದಿರುತ್ತದೆ, ಕಣ್ಣು ಒಂದು ಸಲವೂ ಕೀಬೋರ್ಡ್ ಕಡೆ ಹೋಗುವುದಿಲ್ಲ.

ಅಂಗಡಿಯ ಸಿಸ್ಟಂನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತು. ನಮ್ಮದು ಹಳೇ ಪ್ರೊಸೆಸರ್, 11 ಹಾಕೋಕೆ ಆಗಲ್ಲ ಅಂತ ಗೊತ್ತಾಯಿತು. ಸರಿ ಅಂತ ಹೊಸ ಸಿಸ್ಟಂ ತಂದೆ. ತಂದದ್ದು ಭಾನುವಾರ ರಾತ್ರಿ. ಸೋಮವಾರ ಬೆಳಗ್ಗೆ ಚಿಕ್ಕಪ್ಪನಿಗೆ ಒಂದು ಮಾತೂ ಹೇಳದೆ ಟೇಬಲ್ ಮೇಲೆ ಇಟ್ಟುಬಿಟ್ಟೆ. ತಪ್ಪು ನನ್ನದೇ, ಮೊದಲೇ ಒಪ್ಪಿಕೊಳ್ಳುತ್ತೇನೆ. ಸೋಮವಾರ ಅಂದ್ರೆ ನಮಗೆ ಜಾತ್ರೆ.

ಆವತ್ತು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ 11 ಗಂಟೆಗೆ ಟೈಮ್ ಇದ್ದ ಒಬ್ಬರು ಬಂದಿದ್ದರು. ಚಿಕ್ಕಪ್ಪ ಅಭ್ಯಾಸದ ಪ್ರಕಾರ ಮೌಸನ್ನು ಎಡಗಡೆ ಕೆಳಗಿನ ಮೂಲೆಗೆ ಎಸೆದರು. ಅವರು ನೋಡಿ ಇಡುವುದಿಲ್ಲ, ಎಸೆಯುತ್ತಾರೆ. ಅಲ್ಲಿ ಸ್ಟಾರ್ಟ್ ಇಲ್ಲ. ಹವಾಮಾನ ತೋರಿಸುವ ಒಂದು ಮೋಡ ಇದೆ. ಮೌಸ್ ಅದರ ಮೇಲೆ ಹೋಗಿದ್ದೇ ತಡ, ಅರ್ಧ ಸ್ಕ್ರೀನ್ ತುಂಬ ಸಿನಿಮಾ ಸುದ್ದಿ, ಕ್ರಿಕೆಟ್ ಸುದ್ದಿ. ಮುಚ್ಚಿದರು. ಮತ್ತೆ ಎಸೆದರು. ಮತ್ತೆ ಸಿನಿಮಾ. ಬಂದವರು ತಮಾಷೆಗೆ, "ಯಜಮಾನ್ರೇ, ಪಿಕ್ಚರ್ ಆಮೇಲೆ ನೋಡೋಣ" ಅಂದರು. ಚಿಕ್ಕಪ್ಪ ನಗಲಿಲ್ಲ. ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅವರಿಗೆ ಪ್ರಿಂಟ್ ಅನ್ನುವ ಪದವೇ ಸಿಗಲಿಲ್ಲ. ನಾನು ಬೇರೆ ಆಗ ಬ್ಯಾಂಕಿನಲ್ಲಿ ಕ್ಯೂನಲ್ಲಿ ನಿಂತಿದ್ದೆ, ಫೋನ್ ಸೈಲೆಂಟ್. ಕೊನೆಗೆ ಪೆನ್ ಡ್ರೈವ್ ಕಿತ್ತುಕೊಂಡು ಎದುರು ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದರಂತೆ. ಎದುರು ಅಂಗಡಿಯವರಿಗೂ ನಮಗೂ ಮಾತು ಅಷ್ಟಕ್ಕಷ್ಟೇ. ಇಷ್ಟು ಹೇಳಿದರೆ ಸಾಕು, ಆವತ್ತು ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಈಗ ಪ್ರಶ್ನೆ. ಇದನ್ನು ಹಳೇ ತರ ಮಾಡಲು ಆಗುತ್ತದಾ? ಇನ್ನೊಂದು, ಮಾಡಬೇಕಾ? ನನ್ನ ತಂಗಿ, "ವಯಸ್ಸಾದವರಿಗೆ ಹೊಸದು ಹಿಡಿಸಲ್ಲ, ಹದಿನೈದು ದಿನ ಬಿಡು, ತಾನೇ ಸರಿಹೋಗ್ತಾರೆ" ಅಂತಾಳೆ. ನನಗೆ ಯಾಕೋ ಒಪ್ಪಿಗೆ ಆಗುತ್ತಿಲ್ಲ. ಇದೇ ಮನುಷ್ಯ 2003ರಲ್ಲಿ ಟೈಪ್‌ರೈಟರ್ ಬಿಟ್ಟು ಕಂಪ್ಯೂಟರ್ ಮುಂದೆ ಬಂದು ಕೂತವರು. ಕನ್ನಡ ಟೈಪ್‌ರೈಟರ್ ಕೀಲಿಗಳೇ ಬೇರೆ, ನುಡಿಯ ಕೀಲಿಗಳೇ ಬೇರೆ. ಬೆರಳೆಲ್ಲ ಮೊದಲಿನಿಂದ ಕಲಿತರು, ಒಂದು ದಿನ ಗೊಣಗಲಿಲ್ಲ. ಹಂಗಿದ್ದವರು ಒಂದು ಬಟನ್ ಆಚೆ ಈಚೆ ಆಗಿದ್ದಕ್ಕೆ ಊಟ ಬಿಡುತ್ತಾರಾ?

ರಿಪೇರಿ ಕೆಲಸ

ಮೊದಲು ಔಷಧಿ, ಆಮೇಲೆ ಮಾತು.

ಕೆಳಗಿನ ಟಾಸ್ಕ್‌ಬಾರ್‌ನಲ್ಲಿ ಖಾಲಿ ಜಾಗ ನೋಡಿ ರೈಟ್ ಕ್ಲಿಕ್ ಮಾಡಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್ ತೆರೆಯಿರಿ. ಮೇಲೆಯೇ ವಿಜೆಟ್ಸ್ ಅಂತ ಇರುತ್ತದೆ, ಆಫ್ ಮಾಡಿ, ಸಿನಿಮಾ ಸುದ್ದಿ ಹೋಯಿತು. ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ಒಳಗೆ ಅಲೈನ್‌ಮೆಂಟ್ ಇದೆ, ಸೆಂಟರ್ ತೆಗೆದು ಲೆಫ್ಟ್ ಮಾಡಿ. ಸ್ಟಾರ್ಟ್ ಮೂಲೆಗೆ ವಾಪಸ್. ಅಲ್ಲೇ ಬಟನ್‌ಗಳನ್ನು ಕಂಬೈನ್ ಮಾಡುವುದು ಅಂತ ಇನ್ನೊಂದಿದೆ, ಅದನ್ನು ನೆವರ್ ಅಂತ ಇಡಿ. ಆಗ ತೆರೆದ ಪ್ರತಿ ಫೈಲಿನ ಹೆಸರೂ ಕೆಳಗೆ ಕಾಣುತ್ತದೆ, ನಾಲ್ಕು ಕರಾರು ಒಟ್ಟಿಗೆ ತೆರೆದಿಟ್ಟುಕೊಳ್ಳುವವರಿಗೆ ಇದು ಬೇಕೇ ಬೇಕು. 2021ರ ಅಕ್ಟೋಬರ್ 5ಕ್ಕೆ 11 ಬಂದಾಗ ಈ ಸೌಲಭ್ಯವನ್ನೇ ತೆಗೆದಿದ್ದರು. ಜನ ಬೈದು ಬೈದು 2023ರಲ್ಲಿ ವಾಪಸ್ ಬಂತು.

ರೈಟ್ ಕ್ಲಿಕ್ ವಿಷಯಕ್ಕೆ ಶಿಫ್ಟ್ ಒತ್ತಿಕೊಂಡು ರೈಟ್ ಕ್ಲಿಕ್ ಮಾಡಲು ಹೇಳಿ. ನೇರವಾಗಿ ಹಳೇ ಉದ್ದನೆ ಪಟ್ಟಿ ಬರುತ್ತದೆ, ಪ್ರಿಂಟ್ ಅಲ್ಲಿದೆ. ನುಡಿಯಲ್ಲಿ ಮಹಾಪ್ರಾಣಕ್ಕೆಲ್ಲ ಶಿಫ್ಟ್ ಒತ್ತುವ ಕೈ ಅದು, ಕಷ್ಟ ಆಗಲ್ಲ. ರಿಜಿಸ್ಟ್ರಿ, ಅಂದ್ರೆ ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ಜಾಗ, ಅದನ್ನು ತಿದ್ದಿ ಹಳೇ ಪಟ್ಟಿಯನ್ನೇ ಕಾಯಂ ಮಾಡಬಹುದು, ಆದರೆ ದುಡಿಯುವ ಸಿಸ್ಟಂನಲ್ಲಿ ಅದಕ್ಕೆ ಕೈ ಹಾಕಬೇಡಿ.

ಇನ್ನು ಮೂಲೆಯ ಮಾತು. ಚಿಕ್ಕಪ್ಪ ಎಸೆಯುತ್ತಾರೆ ಅಂದ್ರಲ್ಲ, ಅದು ಸುಮ್ನೆ ಹಟ ಅಲ್ಲ. ಪಾಲ್ ಫಿಟ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಇದರ ಲೆಕ್ಕ ತೋರಿಸಿದ್ದಾರೆ. ಗುರಿ ಚಿಕ್ಕದಾದಷ್ಟೂ ದೂರ ಇದ್ದಷ್ಟೂ ಕೈಗೆ ಹೊತ್ತು ಜಾಸ್ತಿ ಬೇಕು. ಸ್ಕ್ರೀನಿನ ಮೂಲೆಯಲ್ಲಿ ಮೌಸ್ ಗೋಡೆಗೆ ತಾಗಿದ ಹಾಗೆ ನಿಂತುಬಿಡುತ್ತದೆ, ಎಷ್ಟು ಜೋರಾಗಿ ಎಸೆದರೂ ಗುರಿ ದಾಟಿ ಹೋಗುವುದಿಲ್ಲ. ಮಧ್ಯದಲ್ಲಿದ್ದರೆ ಗುರಿಯಿಟ್ಟು ನಿಲ್ಲಿಸಬೇಕು. ಅದಕ್ಕಿಂತ ತಮಾಷೆ, ಮಧ್ಯದಲ್ಲಿಟ್ಟ ಸ್ಟಾರ್ಟ್ ಒಂದು ಕಡೆ ನಿಲ್ಲುವುದೂ ಇಲ್ಲ. ಹೊಸ ಪ್ರೋಗ್ರಾಂ ತೆರೆದ ಹಾಗೆಲ್ಲ ಸಾಲು ಅಗಲ ಆಗಿ ಸ್ಟಾರ್ಟ್ ಎಡಕ್ಕೆ ಸರಿಯುತ್ತದೆ. ಬೆಳಗ್ಗೆ ಇದ್ದ ಜಾಗದಲ್ಲಿ ಮಧ್ಯಾಹ್ನ ಇಲ್ಲ. ಬೆರಳು ಏನನ್ನು ನೆನಪಿಟ್ಟುಕೊಳ್ಳಬೇಕು ಹೇಳಿ?

ಹಳೇ ಮೌಸ್, ತಿಪಟೂರು

ತಿಪಟೂರಿನಲ್ಲಿ ಬಹಳ ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದವನು ನಾನು. ಸ್ವಲ್ಪ ಉಲ್ಟಾ ಮಾತಾಡುತ್ತೇನೆ.

ನಿಮ್ಮ ಚಿಕ್ಕಪ್ಪ ಹುಡುಕುತ್ತಿರುವ ಆ ಸ್ಟಾರ್ಟ್ ಬಟನ್ ಇದೆಯಲ್ಲ, ಅದೂ ಒಂದು ಕಾಲಕ್ಕೆ ಇಂಥದೇ ಕಾಟ. 1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಅದಕ್ಕೆ ಮುಂಚೆ ವಿಂಡೋಸ್ 3.1ರಲ್ಲಿ ಪ್ರೋಗ್ರಾಂ ಮ್ಯಾನೇಜರ್ ಅಂತ ಒಂದು ಕಿಟಕಿ, ಅದರೊಳಗೆ ಗುಂಪು ಗುಂಪು ಚಿತ್ರ. ಸ್ಟಾರ್ಟ್ ಇಲ್ಲ, ಟಾಸ್ಕ್‌ಬಾರ್ ಇಲ್ಲ. 95ರಲ್ಲಿ ಜನಕ್ಕೆ ಸ್ಟಾರ್ಟ್ ಒತ್ತಬೇಕು ಅಂತಲೇ ಹೊಳೆಯದೆ ಹೋದೀತು ಅಂತ, ಟಾಸ್ಕ್‌ಬಾರ್ ಮೇಲೆ ಒಂದು ಬಾಣ ಓಡಿ ಬಂದು 'ಶುರು ಮಾಡಲು ಇಲ್ಲಿ ಒತ್ತಿ' ಅಂತ ತೋರಿಸುವ ಹಾಗೆ ಇಟ್ಟಿದ್ದರು.

ನಮ್ಮ ಕ್ಲಾಸಿನಲ್ಲಿ ಜಾಸ್ತಿ ಕಾಡಿದ್ದು ಸ್ಟಾರ್ಟ್ ಅಲ್ಲ, ಇಂಟು ಗುರುತು. 3.1ರಲ್ಲಿ ಮೇಲೆ ಬಲಗಡೆ ಕೊನೆಯಲ್ಲಿ ಇದ್ದದ್ದು ಕಿಟಕಿ ದೊಡ್ಡದು ಮಾಡುವ ಬಟನ್. 95ರಲ್ಲಿ ಅದೇ ಜಾಗಕ್ಕೆ ಮುಚ್ಚುವ ಬಟನ್ ತಂದು ಕೂರಿಸಿದರು. ಕೈ ಪಾಪ ದೊಡ್ಡದು ಮಾಡಲು ಹೋಗುತ್ತದೆ, ಕಿಟಕಿ ಮುಚ್ಚಿಹೋಗುತ್ತದೆ. ಒಬ್ಬ ಗುಮಾಸ್ತರು ಸಂಜೆ ಕ್ಲಾಸಿಗೆ ಬರುತ್ತಿದ್ದರು, ಅವರು ಆ ಇಂಟು ಮೇಲೆ ಗಮ್ ಟೇಪ್ ಅಂಟಿಸಿದ್ದರು. ನಿಜವಾಗಿ, ಮಾನಿಟರ್ ಗಾಜಿನ ಮೇಲೆ. ಟೇಪ್ ಇದ್ದರೆ ಕೈ ತಡೆಯುತ್ತದೆ ಸಾರ್ ಅಂದರು. ಮೂರು ತಿಂಗಳಾದ ಮೇಲೆ ತಾವೇ ಕಿತ್ತರು.

2001ರ ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ. ನೀಲಿ ಪಟ್ಟಿ, ಹಸಿರು ಬಟನ್. ಮಕ್ಕಳ ಆಟದ ಸಾಮಾನು ಅಂತ ಆಡಿಕೊಂಡರು. ಅದೇ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಸಪೋರ್ಟ್ ನಿಲ್ಲಿಸಿದಾಗ ಬಿಡಲ್ಲ ಅಂತ ಕೂತವರು ಎಷ್ಟು ಜನ! ಬೈದವರೇ ಅತ್ತರು. ಹಂಗಾಗಿ ನಿಮ್ಮ ತಂಗಿ ಹೇಳಿದ್ದರಲ್ಲೂ ಸತ್ಯ ಇದೆ, ಹದಿನೈದು ದಿನದ ಬದಲು ಮೂರು ತಿಂಗಳು ಅನ್ನಿ.

ಕೀಲಿಮಣೆ

@ಹಳೇ ಮೌಸ್ ಸಾರ್, ಗಮ್ ಟೇಪ್ ಕಥೆ ಚೆನ್ನಾಗಿದೆ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಎಕ್ಸ್‌ಪಿ ಹಿಡಿಸದವರಿಗೆ ಕ್ಲಾಸಿಕ್ ಅಂತ ಒಂದು ಆಯ್ಕೆ ಇತ್ತು, ನಾಲ್ಕು ಕ್ಲಿಕ್ ಮಾಡಿದರೆ ಬೂದು ಬಣ್ಣದ ಹಳೇ ರೂಪ. ವಿಂಡೋಸ್ 7ರವರೆಗೂ ಆ ಹಳೇ ರೂಪ ಸಿಗುತ್ತಿತ್ತು. ಬೈದವರೂ ಬದುಕಿದರು, ಕಂಪನಿಯೂ ಬದುಕಿತು.

2012ರ ಅಕ್ಟೋಬರ್ 26ಕ್ಕೆ ವಿಂಡೋಸ್ 8 ಬಂದಾಗ ಬಾಗಿಲನ್ನೇ ಮುಚ್ಚಿದರು. 2010ರಲ್ಲಿ ಐಪ್ಯಾಡ್ ಬಂದಿತ್ತು, ಎಲ್ಲರೂ ಇನ್ನು ಬೆರಳಲ್ಲೇ ಮುಟ್ಟಿ ಕೆಲಸ ಮಾಡುತ್ತಾರೆ ಅನ್ನುವ ಲೆಕ್ಕಾಚಾರ. ಅದಕ್ಕಾಗಿ ಮೌಸ್ ಇಟ್ಟುಕೊಂಡು ಕೂತವರಿಗೂ ಗೋಡೆಗೆ ಟೈಲ್ಸ್ ಹಾಕಿದ ಹಾಗೆ ಬಣ್ಣಬಣ್ಣದ ಚೌಕ. ಸ್ಟಾರ್ಟ್ ಬಟನ್ನೇ ಇಲ್ಲ. ಸಿಸ್ಟಂ ಆಫ್ ಮಾಡಬೇಕಾದರೆ ಮೌಸನ್ನು ಬಲಗಡೆ ಮೂಲೆಗೆ ಒಯ್ಯಬೇಕು, ಒಂದು ಪಟ್ಟಿ ಹೊರಗೆ ಬರುತ್ತದೆ, ಅದರಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಪವರ್, ಅದರಲ್ಲಿ ಶಟ್ ಡೌನ್. ಆ ಮೂಲೆಯಲ್ಲಿ ಏನೋ ಇದೆ ಅಂತ ಸ್ಕ್ರೀನ್ ಮೇಲೆ ಒಂದು ಗುರುತೂ ಇಲ್ಲ. ಗೊತ್ತಿದ್ದವನಿಗೆ ಮಾತ್ರ ಗೊತ್ತು. ನಾನು ಆಗ ಒಂದು ಕಡೆ ಸಿಸ್ಟಂ ಮಾರುವ ಕೆಲಸದಲ್ಲಿದ್ದೆ, ಗಿರಾಕಿಗಳು ಕೊಂಡ ಮಾರನೇ ದಿನ ಫೋನ್ ಮಾಡಿ ಕೇಳುತ್ತಿದ್ದ ಮೊದಲ ಪ್ರಶ್ನೆಯೇ ಇದು, ಆಫ್ ಹೆಂಗೆ ಮಾಡೋದು ಸಾರ್. ಒಬ್ಬರು ಉತ್ತರಕ್ಕೆ ಕಾಯದೆ ದಿನಾ ಪ್ಲಗ್ ಕಿತ್ತು ಮಲಗುತ್ತಿದ್ದರು.

ಜನ ಸುಮ್ಮನಿರಲಿಲ್ಲ. ಹಳೇ ಮೆನು ತಂದುಕೊಡುವ ಕ್ಲಾಸಿಕ್ ಶೆಲ್ ಅನ್ನುವ ಉಚಿತ ತಂತ್ರಾಂಶ ಹುಡುಕಿ ಹಾಕಿಕೊಂಡರು. 2013ರ ಅಕ್ಟೋಬರ್ 17ಕ್ಕೆ 8.1ರಲ್ಲಿ ಸ್ಟಾರ್ಟ್ ಬಟನ್ ವಾಪಸ್ ಬಂತು, ಆದರೆ ಒತ್ತಿದರೆ ಮತ್ತದೇ ಚೌಕಗಳು! ಕಣ್ಣೊರೆಸುವ ಆಟ. ನಿಜವಾದ ಮೆನು ಬಂದದ್ದು 2015ರ ಜುಲೈ 29ಕ್ಕೆ, ವಿಂಡೋಸ್ 10ರಲ್ಲಿ. ಸುಮಾರು ಮೂರು ವರ್ಷ ಹಿಡಿಯಿತು. ಎಲ್ಲರೂ "ಹದಿನೈದು ದಿನದಲ್ಲಿ ಸರಿಹೋಗ್ತಾರೆ" ಅಂತ ಸುಮ್ನೆ ಕೂತಿದ್ದರೆ ಅದು ಬರುತ್ತಿತ್ತಾ?

ಪ್ರೆಸ್ ಕೆಲಸ, ಚಿಕ್ಕಬಳ್ಳಾಪುರ

ನನ್ನದೊಂದು ತಪ್ಪೊಪ್ಪಿಗೆ ಇದೆ. ನೀವೆಲ್ಲ ಬಟನ್ ಬಗ್ಗೆ ಮಾತಾಡುತ್ತಿದ್ದೀರಿ, ನಾವು ಪ್ರೆಸ್ಸಿನವರು ಯುನಿಕೋಡ್, ಅಂದ್ರೆ ಎಲ್ಲ ಸಿಸ್ಟಂಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅದರ ವಿರುದ್ಧವೇ ಹಟ ಹಿಡಿದವರು.

ನಾವು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್, ಅದರ 7 ಬಂದದ್ದು 2001ರಲ್ಲಿ, ಅದೇ ಕೊನೆ. ಅದಕ್ಕೆ ಯುನಿಕೋಡ್ ಕನ್ನಡ ಗೊತ್ತೇ ಇಲ್ಲ. ನಮ್ಮ ಲಗ್ನಪತ್ರಿಕೆ, ಕರಪತ್ರ, ಎಲ್ಲ ನುಡಿಯ ಹಳೇ ಫಾಂಟಿನಲ್ಲಿ. ಯುನಿಕೋಡಿಗೆ ಬನ್ನಿ ಅಂದವರಿಗೆಲ್ಲ ನಮ್ಮ ಉತ್ತರ ಒಂದೇ, ಅದರಲ್ಲಿ ಅಕ್ಷರದ ಅಂದ ಇಲ್ಲ ರೀ. ಅಂದದ ಮಾತು ನೆಪ. ಕೈಗೆ ಬಂದದ್ದನ್ನು ಬಿಡಲು ಮನಸ್ಸಿರಲಿಲ್ಲ, ಅಷ್ಟೇ. ಈಗ ನೋಡಿ, ಹತ್ತು ವರ್ಷದ ಹಿಂದಿನ ಫೈಲಿನಿಂದ ನಾಲ್ಕು ಸಾಲು ಎತ್ತಿ ವಾಟ್ಸಾಪಿಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟು ಎಲ್ಲ ಕಲಸಿಹೋದ ಕಸ. ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಹೆಸರು ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಒಂದೊಂದನ್ನೂ ಕನ್ವರ್ಟ್ ಮಾಡಿ, ಕೆಟ್ಟ ಒತ್ತಕ್ಷರ ತಿದ್ದಿ... ಮೊನ್ನೆ ಒಂದು ದೇವಸ್ಥಾನದ ದಾನಿಗಳ ಪಟ್ಟಿ ಹೀಗೇ ಮಾಡಿದೆ. ಎರಡು ರಾತ್ರಿ.

ಆ ಬದಲಾವಣೆಗೆ ಕಾರಣ ಇತ್ತು, ನಾವು ಕೇಳಲಿಲ್ಲ. ಸ್ಟಾರ್ಟ್ ಮಧ್ಯಕ್ಕೆ ಬಂದದ್ದಕ್ಕೆ ಏನು ಕಾರಣ ಅಂತ ನನಗೂ ಯಾರೂ ಹೇಳಿಲ್ಲ, ಅದು ಬೇರೆ ಮಾತು.

ಒಂದು ವಿಷಯ ಗಮನಿಸಿದಿರಾ? ಯುನಿಕೋಡಿಗೆ ಬಂದ ಮೇಲೂ ನುಡಿಯ ಕೀಲಿಗಳು ಬದಲಾಗಲಿಲ್ಲ. ಈ ಕೀಲಿಗಳ ಜೋಡಣೆ ಮಾಡಿದ ಕೆ.ಪಿ. ರಾವ್ ಅವರ ವಿನ್ಯಾಸ ಹಾಗೇ ಉಳಿಯಿತು. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯೂ, ಒತ್ತಕ್ಷರಕ್ಕೆ ಎಫ್. ಒಳಗೆ ಎಲ್ಲ ಬದಲಾಯಿತು, ಬೆರಳಿಗೆ ಏನೂ ಗೊತ್ತಾಗಲಿಲ್ಲ. ನಾನು ಕೊನೆಗೂ ದಾಟಿದ್ದು ಅದರಿಂದಲೇ.

ಪೆಂಗ್ವಿನ್ ಮೇಷ್ಟ್ರು

ಇದು ದುಡ್ಡು ತಗೊಳ್ಳುವ ಕಂಪನಿಗಳ ದುರಹಂಕಾರ ಅಂತ ಯಾರಾದರೂ ಹೇಳುವ ಮುಂಚೆ ನಮ್ಮ ಮನೆ ಜಗಳವನ್ನೂ ಹೇಳಿಬಿಡುತ್ತೇನೆ. ವಿಂಡೋಸ್ ಬದಲು ಹಾಕಿಕೊಳ್ಳುವ ಉಚಿತ ಲಿನಕ್ಸ್‌ನಲ್ಲಿ 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂತು, ಗ್ನೋಮ್ ಅಂದ್ರೆ ಅದರ ಕಿಟಕಿ, ಮೆನು ಎಲ್ಲ ತೋರಿಸುವ ಹೊರಮೈ. ಕಿಟಕಿ ಕೆಳಗಿಳಿಸುವ ಬಟನ್ನೂ ತೆಗೆದರು, ದೊಡ್ಡದು ಮಾಡುವ ಬಟನ್ನೂ ತೆಗೆದರು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅವರೇ ಬಹಿರಂಗವಾಗಿ ಉಗಿದು ಎಕ್ಸ್‌ಎಫ್‌ಸಿಇ ಅನ್ನುವ ಇನ್ನೊಂದು ಹೊರಮೈಗೆ ಹೋದರು. ಆಗ ಅವರಿಗೆ ಇನ್ನೂ 41, ಅದಕ್ಕೇ ವಯಸ್ಸಿನ ಮಾತು ಬಿಡಿ. ನಮ್ಮಲ್ಲಿ ಒಂದು ಅನುಕೂಲ ಅಂದ್ರೆ ಪ್ರೋಗ್ರಾಂನ ಮೂಲ ಬರಹ ಎಲ್ಲರ ಕೈಯಲ್ಲೂ ಇರುತ್ತದೆ. ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೇ ಗ್ನೋಮ್ 2 ಅನ್ನೇ ಎತ್ತಿಕೊಂಡು ಮಾಟೆ ಅಂತ ಹೆಸರಿಟ್ಟು ಮುಂದುವರಿಸಿದ. ನಮ್ಮ ಶಾಲೆಯ ಲ್ಯಾಬಿನಲ್ಲಿ ಇವತ್ತಿಗೂ ಅದೇ ಓಡುತ್ತಿದೆ. ಟೊರ್ವಾಲ್ಡ್ಸ್ ಆಮೇಲೆ ಗ್ನೋಮ್‌ಗೇ ವಾಪಸ್ ಬಂದರು, ಅದನ್ನೂ ಹೇಳದೆ ಇದ್ದರೆ ಸುಳ್ಳಾಗುತ್ತದೆ. ಬೇಕಾದದ್ದನ್ನು ಮೇಲಿಂದ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳು ಬಂದಿದ್ದವು.

ಚಿಕ್ಕಪ್ಪನಿಗೆ ಲಿನಕ್ಸ್ ಹಾಕಿ ಅಂತ ಹೇಳಲ್ಲ. ಸೋಮವಾರವಂತೂ ಬೇಡ.

ಮಂಡಿ ರೈಟರ್, ಕೋಲಾರ

ಕೋಲಾರ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮಗೆ ಕಂಪ್ಯೂಟರಿಗಿಂತ ಫೋನೇ ಎಲ್ಲ. ಒಂದು ಹರಾಜಿನ ದಿನ ಬೆಳಗ್ಗೆ ಎದ್ದು ನೋಡಿದರೆ ಫೋನ್ ರಾತ್ರಿ ತಾನೇ ಅಪ್‌ಡೇಟ್ ಆಗಿ ಕೂತಿದೆ. ಯಾವ ಫೋನ್ ಅಂತ ಬೇಡ ಬಿಡಿ. ಕರೆ ಎತ್ತುವ ರೀತಿಯೇ ಬೇರೆ ಆಗಿದೆ. ಮದ್ರಾಸಿನ ವ್ಯಾಪಾರಿ ಫೋನ್ ಮಾಡುತ್ತಾರೆ, ನಾನು ಒತ್ತುತ್ತೇನೆ, ಕಟ್ ಆಗುತ್ತದೆ. ಮೂರು ಸಲ. ನಾಲ್ಕನೇ ಸಲ ಅವರು ಮಾಡಲೇ ಇಲ್ಲ, 15 ಕೆಜಿ ಬಾಕ್ಸಿಗೆ ಏನು ರೇಟು ಬಿಡ್ತೀರಿ ಅಂತ ಕೇಳಲು ನಾನೇ ಮಾಡಿದರೆ ಬೇರೆ ಮಂಡಿಯಲ್ಲಿ ತಗೊಂಡಾಯ್ತು ಅಂದರು.

ಆಪಲ್‌ನವರು 2025ರಲ್ಲಿ ಐಫೋನ್ ಸ್ಕ್ರೀನಿನಲ್ಲಿ ಎಲ್ಲವನ್ನೂ ಗಾಜಿನ ತರ ಮಾಡಿದಾಗಲೂ ಓದೋಕೆ ಆಗ್ತಿಲ್ಲ ಅಂತ ಜನ ಗಲಾಟೆ ಮಾಡಿದರು, 26.1 ಅನ್ನುವ ಅಪ್‌ಡೇಟ್‌ನಲ್ಲಿ ಗಾಜನ್ನು ಸ್ವಲ್ಪ ಮಂಕು ಮಾಡಿಕೊಳ್ಳುವ ಆಯ್ಕೆ ಕೊಟ್ಟರು. ಕೊಡಲಿ. ನನ್ನದು ಒಂದೇ ಮಾತು, ಬದಲಾಯಿಸಿ, ಬೇಡ ಅನ್ನಲ್ಲ, ಆದರೆ ಹರಾಜಿನ ದಿನ ಬೆಳಗ್ಗೆ ಬೇಡ.

ರಿಪೇರಿ ಕೆಲಸ

ಒಂದು ಮರೆತಿದ್ದೆ. ಹಳೇ ಸಿಸ್ಟಂ ಎಸೆಯಬೇಡಿ. ವಿಂಡೋಸ್ 10ಕ್ಕೆ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ. ಪಕ್ಕದ ಟೇಬಲ್ ಮೇಲಿಡಿ, ಅವಸರ ಇದ್ದಾಗ ಅಲ್ಲಿ ಮಾಡಲಿ, ಬಿಡುವಿದ್ದಾಗ ಹೊಸದರಲ್ಲಿ ಕೂರಲಿ.

ಜೆರಾಕ್ಸ್ ಅಂಗಡಿ, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಮದುವೆ ಸೀಸನ್ನು.

ರಿಪೇರಿಯವರು ಹೇಳಿದ್ದೆಲ್ಲ ಮಾಡಿದೆ. ಈ ಸಲ ಚಿಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈಯಲ್ಲೇ ಮಾಡಿಸಿದೆ. ಸ್ಟಾರ್ಟ್ ಮೂಲೆಗೆ ಬಂತು. ಅವರು ಒಂದು ಸಲ ಮೌಸ್ ಎಸೆದು ನೋಡಿದರು, ಸರಿಯಾಗಿ ಕೂತಿತು. ಹಳೇ ಸಿಸ್ಟಂ ಪಕ್ಕದಲ್ಲಿದೆ, ಮೊದಲ ವಾರ ಅದರಲ್ಲೇ ಜಾಸ್ತಿ ಕೂತರು.

ಟೈಪ್‌ರೈಟರ್ ವಿಷಯ ಅವರನ್ನೇ ಕೇಳಿಬಿಟ್ಟೆ, ಆಗ ಯಾಕೆ ಬೇಜಾರಾಗಲಿಲ್ಲ ಅಂತ. "ಆಗ ಛಾಪಾ ಕಾಗದದ ಮೇಲೆ ಕೊನೇ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಆ ಕಾಗದದ ದುಡ್ಡು ನನ್ನ ಜೇಬಿಂದ ಹೋಗ್ತಿತ್ತು ಕಣೋ. ಕಂಪ್ಯೂಟರ್ ಬಂದ ಮೇಲೆ ಅದು ತಪ್ಪಿತು. ಈ ಮೋಡ ಇಟ್ಟು ನನಗೆ ಏನು ಉಳಿಸಿದ್ದಾರೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಹೊಸದರಲ್ಲಿ ಅವರಿಗೆ ಒಂದು ಸಿಕ್ಕಿತು, ಅದೂ ತಾವೇ ಹುಡುಕಿಕೊಂಡದ್ದು. ಫೋಲ್ಡರ್ ಕಿಟಕಿಯ ಮೇಲೆ ಪ್ಲಸ್ ಗುರುತು ಒತ್ತಿದರೆ ಅದೇ ಕಿಟಕಿಯಲ್ಲಿ ಇನ್ನೊಂದು ಫೋಲ್ಡರ್ ತೆರೆಯುತ್ತದೆ, ಬ್ರೌಸರ್‌ನಲ್ಲಿ ಟ್ಯಾಬ್ ತೆರೆದ ಹಾಗೆ. ಈಗ ಒಂದೊಂದು ಕಕ್ಷಿಗೆ ಒಂದೊಂದು ಟ್ಯಾಬ್ ಇಟ್ಟುಕೊಂಡಿದ್ದಾರೆ. "ಇಷ್ಟು ದಿನ ಇದನ್ನ ಯಾಕೆ ಹೇಳಲಿಲ್ಲ" ಅಂತ ನನಗೇ ಬೈದರು. ನನಗೆ ಗೊತ್ತಿದ್ದರೆ ತಾನೆ!

ನಿನ್ನೆ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಎದುರು ಅಂಗಡಿಯವರು ಬಂದರು. ಬಾಗಿಲಲ್ಲೇ ನಿಂತು ಅದೂ ಇದೂ ಮಾತಾಡಿ, ಆಮೇಲೆ ವಿಷಯಕ್ಕೆ ಬಂದರು. ಅವರೂ ಹೊಸ ಸಿಸ್ಟಂ ತಂದಿದ್ದಾರಂತೆ, ಸ್ಟಾರ್ಟ್ ಮಧ್ಯದಲ್ಲಿದೆಯಂತೆ. ನಾನು ಏಳುವಷ್ಟರಲ್ಲಿ ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟುತ್ತಿದ್ದರು.